ಜಪಾನಿ ಹಂದರಕ್ಕೆ ನಮ್ಮ ತೊಗರಿ ಕಟ್ಟಿಗೆ

ಆಳಂದ ತಾಲೂಕಿನಲ್ಲಿ ತೊಗರಿ ರಾಶಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವುದು ಕಟ್ಟಿಗೆ. ಒಲೆಗೆ ಒಂದಿಷ್ಟು, ದನದ ಕೊಟ್ಟಿಗೆಗೆ ತಟ್ಟಿ ಕಟ್ಟಲು ಒಂದಿಷ್ಟು, ಉಳಿದದ್ದಕ್ಕೆ ಬೆಂಕಿ. ನಮ್ಮ ಸರಸಂಬಾ ಸುತ್ತಮುತ್ತ ಪ್ರತಿ ವರ್ಷ ಎಷ್ಟೋ ಬಂಡಿ ಕಟ್ಟಿಗೆ ಹೀಗೇ ಬೂದಿಯಾಗುತ್ತದೆ. ಇದನ್ನೇ ಮದುವೆ ಡೆಕೋರೇಷನ್‌ದವರು ರೊಕ್ಕ ಕೊಟ್ಟು ಒಯ್ಯುತ್ತಾರೆ ಅಂದರೆ ನಂಬುವವರು ಕಡಿಮೆ. 2025ರಲ್ಲಿ ನನ್ನ ಹೊಲದಿಂದ ಐದು ಮದುವೆಗೆ ಹೋಗಿದೆ. ಅದರ ಜೊತೆ ಜೋಳದ ತೆನೆ, ಹತ್ತಿ ಕಾಯಿ, ಗೊಬ್ಬರದ ಗಿಡದ ಹೂಕೊಂಬೆಯೂ ಹೋಗಿವೆ. ಲೆಕ್ಕ ಮುಂದೆ ಕೊಟ್ಟಿದ್ದೇನೆ.

ಇದು ಶುರುವಾದದ್ದು ಹೂವಿನಿಂದ. ಆದ್ದರಿಂದ ಮೊದಲು ಹೂವಿನ ಮಾತು.

ಹಂದರ ಹೋಯ್ತು, ಹಾಲ್ ಬಂತು

ನಮ್ಮ ಕಡೆ ಮದುವೆ ಅಂದರೆ ಮೊದಲಿಗೆ ಹಂದರ. ಹಾಲು ಬರುವ ಗಿಡದ ಕೊಂಬೆ ಕಡಿದು ತಂದು ಹಾಲಗಂಬ ನೆಡುವುದು, ಮೇಲೆ ಹಸಿ ತಪ್ಪಲು ಹೊದಿಸುವುದು, ಬಾಗಿಲಿಗೆ ಬಾಳೆಕಂಬ, ಮಾವಿನ ತೋರಣ. ಹೂವು ಬೇಕಾಗುತ್ತಿದ್ದುದು ಮದುಮಗಳ ದಂಡಿಗೆ, ಇಬ್ಬರ ಹಾರಕ್ಕೆ, ದೇವರಿಗೆ. ಮುಸಲ್ಮಾನರ ಮನೆಯಲ್ಲಿ ವರನಿಗೆ ಹೂವಿನ ಸೆಹರಾ. ಹೆಚ್ಚೆಂದರೆ ಎಂಟು-ಹತ್ತು ಕಿಲೊ ಹೂವಿನಲ್ಲಿ ಮದುವೆ ಮುಗಿಯುತ್ತಿತ್ತು. ಹಂದರದ ಸಾಮಾನು ಊರಿನದೇ. ಅದಕ್ಕೆ ಯಾರೂ ಬೆಲೆ ಕಟ್ಟುತ್ತಿರಲಿಲ್ಲ.

ಈಗ ಮದುವೆಗಳು ಆಳಂದ, ಕಲಬುರಗಿ, ಸೊಲ್ಲಾಪುರದ ಫಂಕ್ಷನ್ ಹಾಲ್‌ಗಳಿಗೆ ಹೋದವು. ಹಾಲ್‌ನಲ್ಲಿ ಹಂದರ ಇಲ್ಲ, ಸ್ಟೇಜ್ ಇದೆ. ಸ್ಟೇಜ್ ತುಂಬಿಸಲು ಚೆಂಡು ಹೂ ಕ್ವಿಂಟಲ್‌ಗಟ್ಟಲೆ ಬೇಕಾಯಿತು. ಹೂ ಬೆಳೆಯುವವರಿಗೆ ಇದು ಒಳ್ಳೆಯ ಕಾಲ ಅಂತ ಎಲ್ಲರಿಗೂ ಅನ್ನಿಸಿತ್ತು. ನಾನೂ ಹತ್ತು ಗುಂಟೆ ಹಾಕಲು ಶುರು ಮಾಡಿದ್ದು ಆಗಲೇ.

ಬಹಳ ದಿನ ನಡೆಯಲಿಲ್ಲ. ಪ್ಲಾಸ್ಟಿಕ್ ಹೂ ಬಂತು. ನನ್ನ ಕಡೆಯಿಂದ ಚೆಂಡು ಹೂ ಒಯ್ಯುತ್ತಿದ್ದ ಒಬ್ಬ ಹುಡುಗ ಒಂದು ದಿನ ಲೆಕ್ಕ ಹೇಳಿದ: "ಕಾಕಾ, ನಿಮ್ಮ ಹೂ ಒಂದು ಮದ್ವಿಗೆ ಸೈ. ಪ್ಲಾಸ್ಟಿಕ್ ಪರದೆ ಒಮ್ಮೆ ತಗೊಂಡ್ರ ಮೂವತ್ತು ಮದ್ವಿಗೆ ಕಟ್ಟತೀನಿ. ಧೂಳ ಕೂತ್ರ ತೊಳದ ಬಿಡತೀನಿ. ನಾ ಏನ್ ಮಾಡ್ಲಿ ಹೇಳ್ರಿ?" ಅವನ ಮಾತು ಸುಳ್ಳಲ್ಲ. ಆದರೆ ಆ ಮೂವತ್ತು ಮದುವೆಯಲ್ಲಿ ರೈತನ ಹೂ ಒಂದು ಹಾರಕ್ಕೆ ಮಾತ್ರ ಉಳಿಯಿತು!

ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಾಮಾನು ನಿಷೇಧಿಸಿತು. ಆ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಇದೆ, ಪ್ಲಾಸ್ಟಿಕ್ ಬಾವುಟ ಇದೆ, ಬಲೂನಿನ ಕಡ್ಡಿಯೂ ಇದೆ. ಪ್ಲಾಸ್ಟಿಕ್ ಹೂವಿನ ಹೆಸರು ಮಾತ್ರ ಬರಲಿಲ್ಲ. ಅದನ್ನು ಮತ್ತೆ ಮತ್ತೆ ಬಳಸುತ್ತಾರಲ್ಲ, ಹಂಗಾಗಿ ಬಿಟ್ಟರೇನೋ. ಖರೆ ಹೇಳಬೇಕಂದರೆ ಬಣ್ಣ ಹೋದ ಮೇಲೆ ಅದೂ ನಾಲೆಗೇ ಬೀಳುತ್ತದೆ.

ಬಂದ ಆರ್ಡರು

ಇದೇ ಹುಡುಗ 2025ರ ಜನವರಿಯಲ್ಲಿ ಹೊಲಕ್ಕೆ ಬಂದ. ಮೊಬೈಲಿನಲ್ಲಿ ಚಿತ್ರ ತೋರಿಸಿದ. ಫೆಬ್ರುವರಿಯಲ್ಲಿ ಕಲಬುರಗಿಯಲ್ಲಿ ಮದುವೆ. ಹುಡುಗಿ ಬೆಂಗಳೂರಿನ ಕಂಪನಿಯಲ್ಲಿ ನೌಕರಿ, ಕಂಪನಿಯವರು ಒಂದು ವರ್ಷ ಜಪಾನಿಗೆ ಕಳಿಸಿದ್ದರಂತೆ. ಅಕ್ಕಿಕಾಳು, ಸುರಗಿ ಎಲ್ಲಾ ನಮ್ಮ ಪದ್ಧತಿಯೇ. ಆದರೆ ಸಂಜೆಯ ಆರತಕ್ಷತೆಯ ಸ್ಟೇಜ್ "ಓರಿಯೆಂಟಲ್ ಥೀಮ್" ಆಗಬೇಕು. ಅಂದರೆ ಪೂರ್ವ ದೇಶದ ರೀತಿ.

ಚಿತ್ರದಲ್ಲಿ ಕೆಂಪು ಕಾಗದದ ಕಂದೀಲು ಚೀನಾದ್ದು, ಬಿದಿರಿನ ಛತ್ರಿ ಜಪಾನಿನದು, ಕೆಳಗೆ ಒಂದು ಬುದ್ಧನ ತಲೆ. ಮೂರೂ ಒಂದೇ ಸ್ಟೇಜ್ ಮೇಲೆ! ಉತ್ತರದವರು ನಮ್ಮನ್ನೆಲ್ಲ ಕೂಡಿಸಿ ಮದರಾಸಿ ಅನ್ನುತ್ತಾರಲ್ಲ, ಆ ಲೆಕ್ಕ. ಅದಿರಲಿ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಆ ಚಿತ್ರದಲ್ಲಿ ಹೂ ಭಾಳ ಕಡಿಮೆ ಇತ್ತು, ಕೊಂಬೆಗಳೇ ಜಾಸ್ತಿ. ಒಂದು ಅಗಲ ಪಾತ್ರೆ, ಅದರಲ್ಲಿ ಎರಡು ಒಣ ಟೊಂಗೆ, ಬುಡದಲ್ಲಿ ಮೂರು ಹೂ. "ಈ ಟೊಂಗಿ ಎಲ್ಲಿಂದ ತರತೀ?" ಅಂದೆ. "ಹೈದರಾಬಾದಿಂದ ಪ್ಲಾಸ್ಟಿಕ್‌ದು ಸಿಗತಾವ ಕಾಕಾ" ಅಂದ. ಬದುವಿಗೆ ಒಟ್ಟಿದ್ದ ತೊಗರಿ ಕಟ್ಟಿಗೆ ತೋರಿಸಿದೆ. ಮೊದಲು ನಕ್ಕ. ಆಮೇಲೆ ಒಂದು ಎಳೆದು ಬಿಸಿಲಿಗೆ ಹಿಡಿದು ನೋಡಿದ. ತೊಗರಿ ಗಿಡ ಬಿಡಿಯಾಗಿ ಬೆಳೆದಿದ್ದರೆ ಕವಲು ಒಳ್ಳೆ ಅಂದವಾಗಿ ಬಂದಿರುತ್ತವೆ. ಒತ್ತಾಗಿ ಬಿತ್ತಿದ ಹೊಲದ್ದು ಕೋಲು ಹಾಗೆ ನೆಟ್ಟಗಿರುತ್ತದೆ, ಅದು ಇದಕ್ಕೆ ಬರುವುದಿಲ್ಲ. ಅವನಿಗೆ ಬದುವಿನ ಸಾಲಿನ ಗಿಡ ಹಿಡಿಸಿದವು.

ಜಪಾನಿನವರು ಹೀಗೆ ಹೂ ಜೋಡಿಸುವುದಕ್ಕೆ ಇಕೆಬಾನಾ ಅನ್ನುತ್ತಾರೆ. ಇದರ ಹಳೆಯ ಮನೆತನದ ಹೆಸರು ಇಕೆನೊಬೊ. ಕ್ಯೋಟೋ ಊರಿನ ರೊಕ್ಕಾಕುದೋ ಎಂಬ ಬೌದ್ಧ ಗುಡಿಯಲ್ಲಿ ಬುದ್ಧನಿಗೆ ಹೂ ಏರಿಸುತ್ತಿದ್ದ ಪೂಜಾರಿಗಳಿಂದ ಬೆಳೆದ ವಿದ್ಯೆ ಅದು. 15ನೇ ಶತಮಾನದಷ್ಟು ಹಿಂದೆಯೇ ಹೆಸರಾಗಿತ್ತು. ಬುದ್ಧನಿಗೆ ಹೂ ಏರಿಸುವುದು ಜಪಾನಿಗೆ ಹೋದದ್ದು ಚೀನಾ, ಕೊರಿಯಾ ದಾಟಿ, ನಮ್ಮ ನಾಡಿನಿಂದ. ನಮ್ಮ ಜಿಲ್ಲೆಯ ಸನ್ನತಿ-ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪವಿದೆ, ದೊಡ್ಡ ಸ್ತೂಪದ ಅವಶೇಷವಿದೆ. ಹೀಗಿರುವಾಗ ಇದು ಪೂರ್ತಿ ಪರದೇಶದ್ದು ಅಂತ ನನಗೆ ಅನಿಸಲಿಲ್ಲ. ಆ ಬುದ್ಧನ ತಲೆಯನ್ನು ಮಾತ್ರ ಚಪ್ಪಲಿ ಬಿಡುವ ಬಾಗಿಲಿನ ಹತ್ತಿರ ಇಡುವವನಿದ್ದ. ಅದನ್ನು ಬಿಡಿಸಿದೆವು. ಕಲಬುರಗಿಯಲ್ಲಿ 2009ರಿಂದ ಬುದ್ಧ ವಿಹಾರ ಇದೆ, ನಡೆದುಕೊಳ್ಳುವ ಮಂದಿ ಇದ್ದಾರೆ. ಅವರ ದೇವರನ್ನು ಅಲಂಕಾರದ ಗೊಂಬೆ ಮಾಡಬಾರದು.

ಬಿಳಿ ಶೇವಂತಿ ಬೇಡ ಅಂದಳು

ನನ್ನ ಹೊಲದಲ್ಲಿ ಒಂದು ಗುಂಟೆ ಬಿಳಿ ಮತ್ತು ಹಳದಿ ಶೇವಂತಿ ಕೊನೆಯ ಕೊಯ್ಲಿನಲ್ಲಿತ್ತು. ಶೇವಂತಿ ಮೂಲದಲ್ಲಿ ಚೀನಾ ದೇಶದ್ದು. ಜಪಾನಿನ ಅರಸು ಮನೆತನದ ಮುದ್ರೆಯೇ ಹದಿನಾರು ಎಸಳಿನ ಶೇವಂತಿ. ಹಂಗಾದ ಮೇಲೆ ಇದಕ್ಕಿಂತ "ಓರಿಯೆಂಟಲ್" ಹೂ ಯಾವುದು? ಡೆಕೋರೇಷನ್ ಹುಡುಗ ಸ್ಟೇಜ್ ತುಂಬ ಬಿಳಿ ಶೇವಂತಿ ಅಂತ ನಕ್ಷೆ ಹಾಕಿ ಹುಡುಗಿಗೆ ಕಳಿಸಿದ್ದ.

ಆಕೆ ಫೋನ್ ಹಚ್ಚಿದಳು. "ಕಾಕಾ, ಬಿಳಿ ಶೇವಂತಿ ಬ್ಯಾಡ್ರಿ. ಅಲ್ಲಿ ಅದನ್ನ ಮಣ್ಣಿಗೆ ಹೋಗೋವಾಗ ಒಯ್ತಾರ್ರಿ. ನನ್ನ ಕೂಡ ಕೆಲಸ ಮಾಡೋ ಜಪಾನಿನವರು ಇಬ್ಬರು ಮದ್ವಿಗೆ ಬರೋರದಾರ. ಏನ್ ಅಂದ್ಕೋತಾರ?" ಜಪಾನಿನಲ್ಲಿ ಸತ್ತವರ ಮುಂದೆ, ಗೋರಿಯ ಮೇಲೆ ಇಡುವುದು ಬಿಳಿ ಶೇವಂತಿ. ಚೀನಾದಲ್ಲೂ ಬಿಳಿ, ಹಳದಿ ಶೇವಂತಿ ಸಾವಿನ ಮನೆಯ ಹೂ. ಚೀನಾದ ಮದುವೆಗೆ ಬೇಕಾದದ್ದು ಕೆಂಪು. ಅವರು ಶುಭ ಅನ್ನುವ ಹೂ ಪಿಯೋನಿ, ತಾವರೆ, ಲಿಲ್ಲಿ. ಜಪಾನಿನ ಶುಭಕಾರ್ಯಕ್ಕೆ ಪೈನ್ ಮರದ ಕೊಂಬೆ, ಬಿದಿರು, ಪ್ಲಮ್ ಹೂ ಈ ಮೂರು ಕೂಡಿಸುತ್ತಾರೆ. ಪಿಯೋನಿ ನಮ್ಮ ಬಿಸಿಲಿಗೆ ಬರುವ ಗಿಡವೇ ಅಲ್ಲ, ಚಳಿ ನಾಡಿನದು.

ಇನ್ನೊಂದು ಮಾತು ಆಕೆ ಹೇಳಿದಳು. ನಾಲ್ಕು ಹೂ, ನಾಲ್ಕು ಕೊಂಬೆ ಇಡಬಾರದು. ಅವರ ಭಾಷೆಯಲ್ಲಿ ನಾಲ್ಕು ಅನ್ನುವ ಶಬ್ದವೂ ಸಾವು ಅನ್ನುವ ಶಬ್ದವೂ ಒಂದೇ ಥರ ಕೇಳುತ್ತವಂತೆ. ಮೂರು, ಐದು, ಏಳು ನಡೆಯುತ್ತದೆ. ನಮ್ಮಲ್ಲೂ ಐದು ಮಂದಿ ಮುತ್ತೈದೆಯರು, ನೂರಾ ಒಂದು ರೂಪಾಯಿ ಆಯೇರಿ. ಈ ವಿಷಯ ನಮ್ಮ ಮನೆಯವರಿಗೆ ಹೇಳಿದಾಗ, "ಹಂಗಾರ ಅವರೂ ನಮ್ಮಂಥವರೇ ಬಿಡ್ರಿ" ಅಂದರು.

ಬಿಳಿ ಶೇವಂತಿಯನ್ನು ಗಾಣಗಾಪುರದ ಹೂವಿನ ಅಂಗಡಿಗೆ ಕೊಟ್ಟೆ. ದತ್ತಾತ್ರೇಯನ ಸನ್ನಿಧಿಯಲ್ಲಿ ಅದಕ್ಕೆ ಯಾವ ತಕರಾರೂ ಇಲ್ಲ.

ಏನೇನು ಕೊಟ್ಟೆ

ಕೆಂಪು, ನೇರಳೆ ಬಣ್ಣಕ್ಕೆ ಆಸ್ಟರ್ ಇತ್ತು. ಇದರ ಪೂರ್ತಿ ಹೆಸರು ಚೈನಾ ಆಸ್ಟರ್, ಹೆಸರಿನಲ್ಲೇ ಚೀನಾ ಇದೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಕಾಮಿನಿ, ಪೂರ್ಣಿಮಾ, ಶಶಾಂಕ, ವಯಲೆಟ್ ಕುಶನ್ ಅಂತ ತಳಿ ಕೊಟ್ಟಿದ್ದಾರೆ. ಕಾಮಿನಿ ಗುಲಾಬಿ ಬಣ್ಣ, ವಯಲೆಟ್ ಕುಶನ್ ನೇರಳೆ. ಬಿಡಿ ಹೂವಾಗಿಯೂ ಮಾರಬಹುದು, ಉದ್ದ ಕಡ್ಡಿ ಸಮೇತವೂ ಮಾರಬಹುದು. ಸಣ್ಣ ರೈತನಿಗೆ ಈ ಎರಡು ದಾರಿ ಇರುವ ಹೂ ಒಳ್ಳೆಯದು.

ಸಾಕುರಾ ಅನ್ನುವ ಜಪಾನಿನ ಚೆರಿ ಹೂವಿನ ಕೊಂಬೆ ಇಲ್ಲದೆ ಈ ಥೀಮ್ ಇಲ್ಲವಂತೆ. ಎಲೆ ಇಲ್ಲದ ಬರಿ ಟೊಂಗೆಯ ತುಂಬ ತಿಳಿ ಗುಲಾಬಿ ಹೂ. ಪೇಟೆಯಲ್ಲಿ ಸಿಗುವುದು ಪ್ಲಾಸ್ಟಿಕ್‌ದು. ಚಿತ್ರ ನೋಡುತ್ತಲೇ ನನಗೆ ನೆನಪಾದದ್ದು ಬದುವಿನ ಮೇಲಿನ ಗ್ಲಿರಿಸಿಡಿಯಾ. ಹಸಿರೆಲೆ ಗೊಬ್ಬರಕ್ಕೆಂದು ಹಚ್ಚಿದ್ದು. ಫೆಬ್ರುವರಿ ಹೊತ್ತಿಗೆ ಎಲೆ ಉದುರಿಸಿ ಬುಡದಿಂದ ತುದಿವರೆಗೆ ಗುಲಾಬಿ ಹೂ ಬಿಡುತ್ತದೆ. ನಮ್ಮ ಕಣ್ಣಿಗೆ ಅದು ಹೂವೇ ಅಲ್ಲ, ಗೊಬ್ಬರ! ನಲವತ್ತು ಕೊಂಬೆ ಕಡಿದು ಕೊಟ್ಟೆ. ಒಂದು ದೋಷ ಇದೆ, ಮರೆಮಾಚುವುದಿಲ್ಲ. ಇದು ಒಂದು ಹೊತ್ತಿನ ಹೂ. ನಸುಕಿನಲ್ಲಿ ಕಡಿದದ್ದು ರಾತ್ರಿ ಹತ್ತಕ್ಕೆ ಉದುರಲು ಶುರು. ಸಂಜೆಯ ಕಾರ್ಯಕ್ಕಷ್ಟೇ ಸೈ. ಹಿಂದಿನ ದಿನ ಕಡಿದರೆ ಹಾಲ್ ಮುಟ್ಟುವಷ್ಟರಲ್ಲಿ ಬರಿ ಕಟ್ಟಿಗೆ. ಮೊಗ್ಗು ಹೆಚ್ಚು, ಅರಳಿದ್ದು ಕಡಿಮೆ ಇರುವ ಕೊಂಬೆ ಆರಿಸಬೇಕು, ಕಡಿದ ಕೂಡಲೇ ಬುಡ ನೀರಿಗೆ ಹಾಕಬೇಕು.

ಚೆಂಡು ಹೂ 40 ಕಿಲೊ ಮಾತ್ರ ಬೇಕಾಯಿತು. ಅದೂ ಬಾಗಿಲಿನ ತೋರಣಕ್ಕೆ ಮತ್ತು ಬೆಳಗಿನ ಅಕ್ಕಿಕಾಳಿನ ಮಂಟಪಕ್ಕೆ. ಚೆಂಡು ಹೂವಾದರೂ ನಮ್ಮದೇ ಅಂತ ಎದೆ ತಟ್ಟಿಕೊಳ್ಳುವ ಹಾಗಿಲ್ಲ. ಅದರ ತವರು ಮೆಕ್ಸಿಕೋ, ಪೋರ್ಚುಗೀಸರ ಕಾಲದಲ್ಲಿ ಸಮುದ್ರ ದಾಟಿ ಬಂದದ್ದು. ನಿಶಿಗಂಧ ಅಂತೀವಲ್ಲ, ಸುಗಂಧರಾಜ, ಅದೂ ಮೆಕ್ಸಿಕೋದ್ದೇ. ಇವತ್ತು ಅವಿಲ್ಲದೆ ನಮ್ಮ ದಸರಾ ಇಲ್ಲ, ಮದುವೆ ಇಲ್ಲ.

ನೆಲೆ ನಿಲ್ಲಿಸಿದ್ದು ಎರೆಮಣ್ಣು

ಕೊಂಬೆ ನೆಟ್ಟಗೆ ನಿಲ್ಲಿಸಲು ಜಪಾನಿನವರು ಮೊಳೆ ನಾಟಿದ ಒಂದು ಭಾರದ ಬಿಲ್ಲೆ ಬಳಸುತ್ತಾರೆ. ನಮ್ಮ ಡೆಕೋರೇಷನ್‌ದವರು ಹಸಿರು ಸ್ಪಂಜಿನ ಇಟ್ಟಿಗೆ ಬಳಸುತ್ತಾರೆ. ನೀರು ಹೀರಿಕೊಳ್ಳುತ್ತದೆ ನಿಜ, ಆದರೆ ಅದೂ ಒಂದು ಥರದ ಪ್ಲಾಸ್ಟಿಕ್ಕೇ. ಪುಡಿಯಾಗುತ್ತದೆ, ಮಣ್ಣಿನಲ್ಲಿ ಕರಗುವುದಿಲ್ಲ. ತಿಪ್ಪೆಗೆ ಹಾಕಿದರೆ ಅಲ್ಲಿಂದ ಹೊಲಕ್ಕೇ ಬರುತ್ತದೆ.

ನಾವು ಮಾಡಿದ್ದು ಸರಳ. ಕುಂಬಾರರ ಅಗಲ ಬಾಯಿಯ ಮಣ್ಣಿನ ಪಾತ್ರೆ ತಂದೆವು. ಎರೆಮಣ್ಣನ್ನು ರೊಟ್ಟಿ ಹಿಟ್ಟಿನ ಹಾಗೆ ಮಿದ್ದಿ, ತಳದಲ್ಲಿ ನಾಲ್ಕು ಬೆರಳು ದಪ್ಪ ಮೆತ್ತಿದೆವು. ಅದರಲ್ಲಿ ತೊಗರಿ ಕಟ್ಟಿಗೆ ಊರಿ ಒಂದು ರಾತ್ರಿ ಬಿಟ್ಟರೆ ಅಲುಗಾಡುವುದಿಲ್ಲ. ನಮ್ಮ ಎರೆ ಹಿಡಿದದ್ದನ್ನು ಬಿಡುವ ಮಣ್ಣಲ್ಲ, ಮಳೆಗಾಲದಲ್ಲಿ ಚಪ್ಪಲಿ ಕಳೆದುಕೊಂಡವರಿಗೆ ಗೊತ್ತು. ಮೇಲೆ ಎರಡು ಬೆರಳು ನೀರು ನಿಲ್ಲಿಸಿ ಹೂವಿನ ಕಡ್ಡಿ ಚುಚ್ಚುವುದು. ಪೂರ್ತಿ ಒಣಗಿದರೆ ಬಿರುಕು ಬಿಡುತ್ತದೆ, ಆದ್ದರಿಂದ ನೀರು ನೋಡಿಕೊಳ್ಳಬೇಕು. ಕಾರ್ಯ ಮುಗಿದ ಮೇಲೆ ಮಣ್ಣು ಮತ್ತೆ ಹೊಲಕ್ಕೆ.

ಜೋಡಿಸುವುದಕ್ಕೂ ಒಂದು ಅಳತೆ ಇದೆ. ಮುಖ್ಯ ಮೂರು ಗೆರೆ: ಆಕಾಶ, ಮನುಷ್ಯ, ಭೂಮಿ ಅಂತ ಹೆಸರು. ಪಾತ್ರೆಯ ಅಗಲ ಮತ್ತು ಎತ್ತರ ಕೂಡಿಸಿ ಅದರ ಒಂದೂವರೆ ಪಟ್ಟು ಉದ್ದದ ಕೊಂಬೆ ಮೊದಲನೆಯದು. ಅದರ ಮುಕ್ಕಾಲು ಎರಡನೆಯದು. ಎರಡನೆಯದರ ಮುಕ್ಕಾಲು ಮೂರನೆಯದು. ಮೂರೂ ಮೂರು ದಿಕ್ಕಿಗೆ ವಾಲಬೇಕು, ಒಂದರ ಹಿಂದೆ ಒಂದು ಅಡಗಬಾರದು. ಬುಡಕ್ಕೆ ಹೂ. ನಡುವೆ ಜಾಗ ಖಾಲಿ ಬಿಡಬೇಕು. ಈ ಖಾಲಿ ಬಿಡುವುದು ಹುಡುಗನಿಗೆ ಭಾಳ ಕಷ್ಟವಾಯಿತು. ಚೆಂಡು ಹೂ ತುರುಕಿ ತುರುಕಿ ರೂಢಿಯಾದ ಕೈ. ನನ್ನ ಹೆಣ್ಣುಮಗಳು ಒಂದೇ ಸಲ ನೋಡಿ ಕಲಿತಳು. ರಂಗೋಲಿ ಹಾಕಿದ ಕೈಗೆ ಅಳತೆ ಬೇಗ ಕೂಡುತ್ತದೆ ಅಂತ ಕಾಣುತ್ತದೆ. ಹದಿನೈದು ಪಾತ್ರೆಯಲ್ಲಿ ಒಂಬತ್ತು ಆಕೆ ಜೋಡಿಸಿದ್ದು. ದಿನದ ಕೂಲಿ 700 ರೂಪಾಯಿ ಇಸಕೊಂಡಳು.

"ಒಣ ಕಟ್ಟಿಗಿ ಮದ್ವಿ ಮನಿಗಾ?"

ಮಧ್ಯಾಹ್ನ ಸ್ಟೇಜ್ ಕಟ್ಟುವಾಗ ಹುಡುಗಿಯ ಅಜ್ಜಿ ಬಂದರು. ಎಂಬತ್ತು ದಾಟಿದ ಜೀವ. ಸೀರೆ ಸೆರಗು ಸೊಂಟಕ್ಕೆ ಸಿಗಿಸಿ ನಿಂತುಬಿಟ್ಟರು. "ಏ ತಮ್ಮಾ, ಒಣ ಕಟ್ಟಿಗಿ ಮದ್ವಿ ಮನಿಗಾ? ಸುಡಗಾಡಿಗೆ ಒಟ್ಟಿದಂಗ ಒಟ್ಟೀರಲ್ಲ, ತೆಗಿ ಮೊದಲ!" ಅಂದರು. ಎಲ್ಲರೂ ಸುಮ್ಮನಾದರು. ಡೆಕೋರೇಷನ್ ಹುಡುಗ ನನ್ನ ಮುಖ ನೋಡಿದ. ಇನ್ನು ನಾಲ್ಕು ತಾಸಿಗೆ ಮಂದಿ ಬರುವುದಿತ್ತು. ತೆಗೆದರೆ ಅವನಿಗೂ ನಷ್ಟ, ನನಗೂ.

ನಾನೆಂದೆ: "ಯವ್ವಾ, ಇದು ಸೌದಿ ಅಲ್ರಿ, ತೊಗರಿ. ಈ ಗಿಡದ ಬ್ಯಾಳಿನೇ ಇವತ್ತಿನ ಹೋಳಿಗಿ ಸಾರಿನಾಗ ಬಿದ್ದಾದ." ಅಜ್ಜಿ ಹತ್ತಿರ ಬಂದು ಒಂದು ಟೊಂಗೆ ಮುಟ್ಟಿ ನೋಡಿದರು. ತುದಿಯಲ್ಲಿ ಎರಡು ಒಣ ಕಾಯಿ ಇನ್ನೂ ಅಂಟಿಕೊಂಡಿದ್ದವು. ಬಿಡಿಸಿದರು, ಕಾಳು ಬಿತ್ತು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಬರೇ ಒಣಗಿದ್ದು ಇಡಬ್ಯಾಡ್ರಿ. ಹಸರ ಇರ್ಲಿ. ಅರಿಷಿಣ ಹಚ್ರಿ" ಅಂದರು. ಪ್ರತಿ ಪಾತ್ರೆಗೆ ಐದು ಮಾವಿನ ಎಲೆ, ಅರಿಷಿಣದ ದಾರ ಸುತ್ತಿದೆವು. ಅದಕ್ಕೆ ಜಪಾನಿನ ಅತಿಥಿಗಳೂ ಏನೂ ಅನ್ನಲಿಲ್ಲ, ಫೋಟೋ ತೆಗೆದುಕೊಂಡರು.

ಅಜ್ಜಿಯ ಮಾತು ತೆಗೆದು ಹಾಕುವಂಥದ್ದಲ್ಲ. ಈಗ ಯಾವ ಮನೆಗೆ ಕೊಡುವುದಿದ್ದರೂ ಮೊದಲೇ ಹಿರಿಯರಿಗೆ ತೋರಿಸಿ ಬಾ ಅಂತ ಹುಡುಗನಿಗೆ ಹೇಳುತ್ತೇನೆ. ಎರಡು ಮನೆಯವರು ಬೇಡ ಅಂದರು. ಅಲ್ಲಿಗೆ ಜೋಳದ ತೆನೆ, ಹಸಿ ಕಬ್ಬು ಕೊಟ್ಟೆ.

ನೀರಿನ ಲೆಕ್ಕ

ಹೂ ಹಾಕಬೇಕು ಅನ್ನುವವರು ಈ ಭಾಗ ನಿಧಾನ ಓದಬೇಕು.

ನಮ್ಮ ಕಡೆ ಮದುವೆ ಹೆಚ್ಚು ಆಗುವುದು ಏಪ್ರಿಲ್-ಮೇ ತಿಂಗಳಲ್ಲಿ. ಆವಾಗ ಕುಡಿಯುವ ನೀರಿಗೇ ತಿಪ್ಪಲ. ಹೂ ಎಲ್ಲಿಂದ ಬರಬೇಕು? ನೀರಾವರಿ ಇದ್ದವರ ಜೊತೆ ಬೇಸಿಗೆ ಹೂವಿಗೆ ಸ್ಪರ್ಧೆ ಮಾಡುವ ಶಕ್ತಿ ಮಳೆ ನಂಬಿದ ನಮಗಿಲ್ಲ. ನಮಗೆ ಕೂಡುವ ಕಾಲ ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ. ಧನುರ್ಮಾಸ ಮುಗಿದು ಮಾಘದ ಮುಹೂರ್ತ ಶುರುವಾಗುತ್ತವೆ, ಹೊಂಡದಲ್ಲಿ ನೀರೂ ಇರುತ್ತದೆ.

ನನ್ನದು ಕೃಷಿ ಭಾಗ್ಯದ ಹೊಂಡ. 2014ರಲ್ಲಿ ಈ ಯೋಜನೆ ಬಂತು. 15 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ. ಗೋಡೆ ಇಳಿಜಾರು ಇರುವುದರಿಂದ ಪೂರ್ತಿ ತುಂಬಿದರೆ ಹಿಡಿಯುವುದು ಸುಮಾರು 4 ಲಕ್ಷ 40 ಸಾವಿರ ಲೀಟರ್. ನವೆಂಬರದಿಂದ ಫೆಬ್ರುವರಿ ಕೊನೆಗೆ ಬಿಸಿಲಿಗೆ ಆರುವುದೇ ಲಕ್ಷ ಲೀಟರ್ ಹತ್ತಿರ. ಉಳಿದದ್ದು 3 ಲಕ್ಷ 40 ಸಾವಿರ. ಹತ್ತು ಗುಂಟೆ ಹೂವಿಗೆ ಹನಿ ನೀರಾವರಿಯಲ್ಲಿ ದಿನಕ್ಕೆ ಮೂರರಿಂದ ಮೂರೂವರೆ ಸಾವಿರ ಲೀಟರ್. ಸಸಿ ಸಣ್ಣದಿದ್ದಾಗ ಅರ್ಧ ಸಾಕು. ಅಂದರೆ ನೂರು ದಿನಕ್ಕೆ ಬಿಗಿಯಾಗಿ ಕೂಡುತ್ತದೆ. ಹನ್ನೆರಡು ಗುಂಟೆ ಅಂದರೆ ಕೂಡುವುದಿಲ್ಲ. ಹೊಂಡ ಅರ್ಧ ತುಂಬಿದ ವರ್ಷ ಹೂವಿನ ಆಸೆಯೇ ಬೇಡ. 2023ರ ಬರದಲ್ಲಿ ನಾನು ಒಂದು ಸಸಿಯನ್ನೂ ಹಚ್ಚಲಿಲ್ಲ, ಇದ್ದ ನೀರು ತೊಗರಿಗೆ ಹೂ ಬಿಡುವ ಹೊತ್ತಿಗೆ ಒಂದು ಸಲ ಕೊಟ್ಟೆ. ಅದು ಮನೆ ಉಳಿಸಿತು.

ನಾಟಿ ನವೆಂಬರ್ ನಡುವೆ. ಚೆಂಡು ಹೂವಿಗೆ ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 45. ನಾಟಿಯಾಗಿ ತಿಂಗಳೊಪ್ಪತ್ತಿಗೆ ತುದಿ ಚಿವುಟಿದರೆ ಕವಲು ಹೆಚ್ಚು. ಜನವರಿ ಮೂರನೇ ವಾರಕ್ಕೆ ಮೊದಲ ಕೊಯ್ಲು. ಶೇವಂತಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಹಗಲು ಸಣ್ಣದಾಗಿ ರಾತ್ರಿ ದೊಡ್ಡದಾದಾಗಲೇ ಅದು ಮೊಗ್ಗು ಕಟ್ಟುವುದು. ಬೇಸಿಗೆಯಲ್ಲಿ ಹೂ ಬೇಕಂದರೆ ಕಪ್ಪು ಪರದೆ ಕಟ್ಟಿ ಕತ್ತಲು ಮಾಡಬೇಕು. ಅದು ನಮ್ಮಂಥವರ ಕೆಲಸ ಅಲ್ಲ.

ರೊಕ್ಕದ ಲೆಕ್ಕ

ಏಳು ಗುಂಟೆ ಚೆಂಡು ಹೂವಿನಲ್ಲಿ 620 ಕಿಲೊ ಬಂತು. ದರ ಕಿಲೊಕ್ಕೆ 18ರಿಂದ 45ರವರೆಗೆ ಕುಣಿಯಿತು. ಕೈಗೆ ಬಂದದ್ದು 19 ಸಾವಿರ. ಎರಡು ಗುಂಟೆ ಆಸ್ಟರ್‌ಗೆ 6 ಸಾವಿರ, ಒಂದು ಗುಂಟೆ ಶೇವಂತಿಗೆ 2,800. ಒಟ್ಟು 27,800. ಖರ್ಚು: ಚೆಂಡು ಹೂವಿನ ಸಸಿ 2,600, ಮೂರು ರೂಪಾಯಿಗೊಂದರಂತೆ 7,800. ಆಸ್ಟರ್ ಬೀಜ, ಶೇವಂತಿ ಸಸಿ 1,200. ಬೇವಿನ ಹಿಂಡಿ, ಗೊಬ್ಬರ, ಔಷಧ 2,400. ಪಂಪಿನ ಡೀಸೆಲ್ 2,600. ಕಲಬುರಗಿ, ಗಾಣಗಾಪುರ ಓಡಾಟ 3,000. ಉಳಿದದ್ದು 10,800. ಮನೆಮಂದಿ ಬೆಳಗಿನ ಐದಕ್ಕೆ ಎದ್ದು ಕಿತ್ತ ಕೂಲಿ ಇದರಲ್ಲಿ ಹಿಡಿದಿಲ್ಲ.

ಈಗ ಒಣ ಸಾಮಾನು. ಆ ಫೆಬ್ರುವರಿ ಮದುವೆಗೆ ತೊಗರಿ ಕಟ್ಟಿಗೆ 15 ಹೊರೆ, ಹೊರೆಗೆ 60 ರೂಪಾಯಿ. ಗ್ಲಿರಿಸಿಡಿಯಾ ಕೊಂಬೆ 40, ಹತ್ತು ರೂಪಾಯಿಗೊಂದು. ಜೋಳದ ತೆನೆಯ ಸೂಡು 20, ಇಪ್ಪತ್ತೈದಕ್ಕೊಂದು. ಕಾಯಿ ಒಡೆದ ಹತ್ತಿ ಕಡ್ಡಿ 30, ಹತ್ತಕ್ಕೊಂದು. ಒಟ್ಟು 2,100. ಮೇ ಕೊನೆಯತನಕ ಮತ್ತೆ ನಾಲ್ಕು ಮದುವೆಗೆ ಕೊಟ್ಟೆ, 7,300 ಬಂತು. ಒಟ್ಟು 9,400. ನೀರು ಒಂದು ಚರಿಗೆಯಷ್ಟೂ ಹಾಕಿಲ್ಲ, ಮೇ ತಿಂಗಳ ಬಿಸಿಲೂ ಇದಕ್ಕೆ ಅಡ್ಡಿಯಲ್ಲ. ಹತ್ತು ಗುಂಟೆ ಹೂವಿನ ಲಾಭಕ್ಕೆ ಹತ್ತಿರ ಹತ್ತಿರ ಬಂತು!

ಆದರೆ ಇದನ್ನು ನೋಡಿ ಊರೆಲ್ಲಾ ಕಟ್ಟಿಗೆ ಹೇರಿಕೊಂಡು ಕಲಬುರಗಿಗೆ ಹೋದರೆ ಹೊರೆಗೆ ಹತ್ತು ರೂಪಾಯಿಯೂ ಸಿಗಲಿಕ್ಕಿಲ್ಲ. ಬೇಡಿಕೆ ಅಷ್ಟು ದೊಡ್ಡದಲ್ಲ. ಒಂದು ಊರಿಗೆ ಇಬ್ಬರು-ಮೂವರು, ಅವರೂ ಒಬ್ಬೊಬ್ಬ ಡೆಕೋರೇಷನ್‌ದವನನ್ನು ಹಿಡಿದುಕೊಂಡರೆ ನಡೆದೀತು. ಇನ್ನೊಂದು ಅನುಮಾನವೂ ನನಗಿದೆ. ಈ ಕಡಿಮೆ ಹೂವಿನ ಪದ್ಧತಿ ಹಬ್ಬಿದರೆ ಕ್ವಿಂಟಲ್‌ಗಟ್ಟಲೆ ಚೆಂಡು ಹೂ ಬೆಳೆಯುವವರ ಗತಿ ಏನು? ನನ್ನ ಪರಿಚಯದ ಒಬ್ಬ ಹೂವಿನ ರೈತರು ಇದೇ ಮಾತಿಗೆ ನನ್ನ ಮೇಲೆ ಸಿಟ್ಟಾದರು. ಪ್ಲಾಸ್ಟಿಕ್ ಪರದೆ ಇರುವ ಸ್ಟೇಜಿನಲ್ಲಿ ಅವರದು ಒಂದು ಕಿಲೊವೂ ಹೋಗುತ್ತಿರಲಿಲ್ಲ, ಇಲ್ಲಿ 40 ಕಿಲೊ ಹೋಯಿತಲ್ಲ ಅಂದೆ. ಅವರು ಒಪ್ಪಲಿಲ್ಲ. ಈ ಜಗಳ ಇನ್ನೂ ಮುಗಿದಿಲ್ಲ.

ಮಾರುವವರಿಗೆ ನಾಲ್ಕು ಮಾತು

ತೊಗರಿ ಕೊಯ್ಯುವಾಗಲೇ ಒಳ್ಳೆ ಕವಲಿನ ಗಿಡ ಬೇರೆ ತೆಗೆದಿಡಬೇಕು. ಮಿಷನ್‌ಗೆ ಹೋದದ್ದು ನುಚ್ಚಾಗುತ್ತದೆ. ಕಾಯಿ ಕೈಯಿಂದ ಬಿಡಿಸಿ, ಮೂರು ದಿನ ಬಿಸಿಲಿಗೆ ಹಾಕಿ, ಆಮೇಲೆ ನೆರಳಿನಲ್ಲಿ ನಿಲ್ಲಿಸಿಡಬೇಕು. ಮಲಗಿಸಿದರೆ ಕವಲು ಮುರಿಯುತ್ತವೆ, ಗೆದ್ದಲೂ ಹತ್ತುತ್ತದೆ. ಜೋಳದ ತೆನೆ ಹಾಲುಗಾಳು ಬಲಿತ ಮೇಲೆ, ಪೂರ್ತಿ ಒಣಗುವ ಮೊದಲು ಕೊಯ್ದು ತಲೆಕೆಳಗಾಗಿ ತೂಗು ಹಾಕಿದರೆ ಕಾಳು ಉದುರುವುದಿಲ್ಲ. ಇಲಿ ನೋಡಿಕೊಳ್ಳಿರಿ.

ಕೆಲವರು ಕಟ್ಟಿಗೆಗೆ ಬೆಳ್ಳಿ-ಬಂಗಾರದ ಬಣ್ಣ ಹೊಡೆಯುತ್ತಾರೆ. ಹೊಡೆಯಲಿ, ಆದರೆ ಅದನ್ನು ವಾಪಸು ತಂದು ಒಲೆಗೆ ಹಾಕಬಾರದು, ಹೊಗೆ ಕೆಟ್ಟದ್ದು.

ಹೂವನ್ನು ನಸುಕಿನಲ್ಲಿ ಇಬ್ಬನಿ ಆರಿದ ಮೇಲೆ ಕಿತ್ತು, ಹಸಿ ಗೋಣಿ ತಟ್ಟಿನಲ್ಲಿ ಸಡಿಲವಾಗಿ ಕಟ್ಟಿರಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ಕಪ್ಪಾಗುತ್ತದೆ. ಆಸ್ಟರ್ ಕಡ್ಡಿಯನ್ನು ಓರೆಯಾಗಿ ಕತ್ತರಿಸಿ, ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆದು ಬಕೆಟ್ಟಿನಲ್ಲಿ ನಿಲ್ಲಿಸಬೇಕು. ನೀರಿಗೆ ಒಂದು ಚಮಚ ಸಕ್ಕರೆ, ನಾಲ್ಕು ಹನಿ ಲಿಂಬೆರಸ ಹಾಕಿದರೆ ಎರಡು ದಿನ ಹೆಚ್ಚು ಬಾಳುತ್ತದೆ.

ರೊಕ್ಕದ ಮಾತು ಮೊದಲೇ ಆಗಬೇಕು. ಮದುವೆ ಮುಗಿದ ಮೇಲೆ ಡೆಕೋರೇಷನ್‌ದವನಿಗೆ ಹುಡುಗಿ ಮನೆಯವರು ಕೊಡಬೇಕು, ಅವರಿಗೆ ಬೀಗರು ಕೊಡಬೇಕು, ಈ ಸರಪಳಿಯಲ್ಲಿ ರೈತ ಕೊನೆಗೆ. ಒಬ್ಬ ಪುಣ್ಯಾತ್ಮ ನನ್ನ 1,800 ರೂಪಾಯಿ ಇನ್ನೂ ಕೊಟ್ಟಿಲ್ಲ, ಫೋನ್ ಎತ್ತುವುದೂ ಇಲ್ಲ. ಆದ್ದರಿಂದ ಸಾಮಾನು ಹೊಲದಿಂದ ಎತ್ತುವ ಮೊದಲು ಅರ್ಧ, ಹಾಲ್‌ನಲ್ಲಿ ಇಳಿಸಿದ ಕೂಡಲೇ ಅರ್ಧ. ಕಟ್ಟಿಗೆ ತಾನೇ ಅಂತ ಪುಕ್ಕಟೆ ಕೇಳುವವರೂ ಬರುತ್ತಾರೆ. ಮೊದಲನೇ ಹೊರೆ ಪುಕ್ಕಟೆ ಕೊಟ್ಟರೆ ಎರಡನೆಯದಕ್ಕೆ ಬೆಲೆ ಬರುವುದಿಲ್ಲ.

ಬದುವಿನ ಮೇಲೆ ಇನ್ನೂ ಇಪ್ಪತ್ತು ಗ್ಲಿರಿಸಿಡಿಯಾ ಗೂಟ ಮೃಗಶಿರಾ ಮಳೆಗೆ ಊರಿದ್ದೇನೆ. ಮೂರು ಅಡಿಯ ಬಲಿತ ಗೂಟ ಇದ್ದರೆ ಹತ್ತುತ್ತದೆ. ಆಡು ತಿನ್ನದಂತೆ ಮೊದಲ ವರ್ಷ ಜಾಲಿ ಮುಳ್ಳು ಸುತ್ತಬೇಕು. ಹೂವಿಗೆ ಗಿರಾಕಿ ಬರದಿದ್ದರೂ ತಪ್ಪಲು ತೊಗರಿ ಸಾಲಿಗೆ ಹೇಗೂ ಬೇಕು.